ಎರ್ನಿ ಚೇಂಬರ್ಸ್ ಮತ್ತು ನೆಬ್ರಾಸ್ಕದ ಶಾಸನಸಭೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರ್ನಿ ಚೇಂಬರ್ಸ್ ಯಾರು?

ಅಮೆರಿಕದ ನಟ್ಟನಡುವೆ ಇರುವ ನೆಬ್ರಾಸ್ಕ ರಾಜ್ಯದ ಶಾಸನಸಭೆಯಲ್ಲಿ ಒಟ್ಟು 46 ವರ್ಷ ಕುಳಿತವರು. 1971ರ ಜನವರಿಯಿಂದ 2009ರ ಜನವರಿಯವರೆಗೆ ಸತತ 38 ವರ್ಷ, ನಾಲ್ಕು ವರ್ಷ ಹೊರಗಿದ್ದು 2013ರಿಂದ 2021ರವರೆಗೆ ಇನ್ನೂ ಎಂಟು ವರ್ಷ. ಆ ರಾಜ್ಯದಲ್ಲಿ ಇಷ್ಟು ಕಾಲ ಶಾಸಕರಾಗಿದ್ದವರು ಮತ್ತೊಬ್ಬರಿಲ್ಲ.

ನೆಬ್ರಾಸ್ಕ ಜೋಳ ಮತ್ತು ದನಗಳ ನಾಡು. ಜನರಲ್ಲಿ ಹೆಚ್ಚಿನವರು ಬಿಳಿಯರು, ಚರ್ಚಿಗೆ ತಪ್ಪದೆ ಹೋಗುವವರು, ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವವರು. ಕಪ್ಪು ಜನರು ನೂರಕ್ಕೆ ಐವರ ಆಸುಪಾಸು. ಅಂಥ ಕಡೆ ಚೇಂಬರ್ಸ್ ದಶಕಗಟ್ಟಲೆ ಸದನದ ಏಕೈಕ ಕಪ್ಪು ಸದಸ್ಯರಾಗಿದ್ದರು. ಯಾವ ಪಕ್ಷಕ್ಕೂ ಸೇರಲಿಲ್ಲ. ದೇವರಲ್ಲಿ ನಂಬಿಕೆ ಇಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಹೀಗಿದ್ದೂ ಅವರ ಮರ್ಜಿ ನೋಡದೆ ಎಷ್ಟೋ ಮಸೂದೆಗಳು ಮುಂದೆ ಸರಿಯುತ್ತಿರಲಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂಬ ಕುತೂಹಲವೇ ನನ್ನನ್ನು ಅವರ ಬದುಕಿನ ಕಡೆಗೆ ಎಳೆದದ್ದು.

ಅವರನ್ನು ಸೆನೆಟರ್ ಎನ್ನುತ್ತಾರಲ್ಲ, ವಾಷಿಂಗ್ಟನ್‌ನಲ್ಲಿ ಇದ್ದರೇ?

ಇಲ್ಲ. ಈ ಗೊಂದಲ ಬಹಳ ಜನರಿಗೆ ಆಗುತ್ತದೆ. ಅಮೆರಿಕದ ಪ್ರತಿ ರಾಜ್ಯಕ್ಕೂ ಅದರದೇ ಶಾಸನಸಭೆ ಇದೆ. 49 ರಾಜ್ಯಗಳಲ್ಲಿ ಅದಕ್ಕೆ ಎರಡು ಸದನ, ನೆಬ್ರಾಸ್ಕದಲ್ಲಿ ಮಾತ್ರ ಒಂದೇ. ಆ ಒಂದೇ ಸದನದ ಸದಸ್ಯರನ್ನು ಅಲ್ಲಿ ಸೆನೆಟರ್ ಎಂದು ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಚೇಂಬರ್ಸ್ ಶಾಸಕರು, ಸಂಸದರಲ್ಲ.

ಆ ಏಕಸದನದ ಕಥೆ ತಿಳಿಯದೆ ಚೇಂಬರ್ಸ್ ಅರ್ಥವಾಗುವುದಿಲ್ಲ. ಮಹಾ ಆರ್ಥಿಕ ಕುಸಿತದ ನಡುವೆ, 1934ರಲ್ಲಿ, ಅಲ್ಲಿನ ಹಿರಿಯ ನಾಯಕ ಜಾರ್ಜ್ ನಾರಿಸ್ ಊರೂರು ತಿರುಗಿ ಎರಡು ಸದನ ಬೇಡ, ಒಂದೇ ಸಾಕು ಎಂದು ಜನರನ್ನು ಒಪ್ಪಿಸಿದರು. 1937ರಲ್ಲಿ ಏಕಸದನ ಕೂತಿತು. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷದ ಹೆಸರು ಇರುವುದಿಲ್ಲ. ಸದನದೊಳಗೂ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಅಧಿಕೃತ ಸಾಲುಗಳಿಲ್ಲ. ಈಗ 49 ಸದಸ್ಯರಿದ್ದಾರೆ. ಮಂಡಿಸಿದ ಪ್ರತಿ ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯಲೇಬೇಕು, ಮೂರು ಹಂತದ ಚರ್ಚೆ ದಾಟಲೇಬೇಕು. ಅಧಿವೇಶನ ಒಂದು ವರ್ಷ 90 ದಿನ, ಮರುವರ್ಷ 60 ದಿನ.

ದಿನಗಳಿಗೆ ಮಿತಿ ಇದೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಬರುವುದೆಲ್ಲ ಆ ಮಿತಿಯ ಮೇಲೆಯೇ ನಿಂತಿದೆ.

ರಾಜಕೀಯಕ್ಕೆ ಬರುವ ಮೊದಲು ಏನು ಮಾಡುತ್ತಿದ್ದರು?

ಹುಟ್ಟಿದ್ದು 1937ರ ಜುಲೈ 10ರಂದು, ಒಮಾಹಾ ನಗರದಲ್ಲಿ. ತಂದೆ ಪಾದ್ರಿ. ಅದೇ ಊರಿನ ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ 1959ರಲ್ಲಿ ಪದವಿ ಪಡೆದರು. ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಮೇಲಧಿಕಾರಿಗಳು ವಯಸ್ಸಾದ ಕಪ್ಪು ನೌಕರರನ್ನೂ ‘ಹುಡುಗಾ’ ಎಂದು ಕರೆಯುವುದನ್ನು ಪ್ರಶ್ನಿಸಿದ್ದಕ್ಕೇ ತಮ್ಮ ಕೆಲಸ ಹೋಯಿತೆಂದು ಚೇಂಬರ್ಸ್ ಹೇಳುತ್ತಾರೆ. ದಾಖಲೆಯಲ್ಲಿ ಇದ್ದ ಕಾರಣ ಅವಿಧೇಯತೆ.

ಆಮೇಲೆ ಉತ್ತರ ಒಮಾಹಾದ ಒಂದು ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದರು. ಕಪ್ಪು ಜನರ ಮೊಹಲ್ಲಾದಲ್ಲಿ ಕ್ಷೌರದಂಗಡಿಯೆಂದರೆ ಊರಿನ ಜಗಲಿಕಟ್ಟೆ. ಮನೆ ಬಾಡಿಗೆ, ಪೊಲೀಸರ ಲಾಠಿ, ಶಾಲೆಯ ಸ್ಥಿತಿ, ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿದ್ದವು.

ಆ ಅಂಗಡಿಯ ಒಂದು ದೃಶ್ಯ ಚಿತ್ರದಲ್ಲಿ ಉಳಿದಿದೆ. ಊರಿನ ಒಂದು ಬಿಳಿಯರ ಲೂಥರನ್ ಚರ್ಚಿನ ಬಗ್ಗೆ 1966ರಲ್ಲಿ ಸಾಕ್ಷ್ಯಚಿತ್ರವೊಂದು ತಯಾರಾಯಿತು, ಮುಂದೆ ಅದು ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ಆ ಚರ್ಚಿನ ಪಾದ್ರಿಗೆ ಒಂದು ಸಣ್ಣ ಆಸೆ: ತಮ್ಮ ಸಭೆಯ ಹತ್ತು ದಂಪತಿಗಳು ಹತ್ತಿರದ ಕಪ್ಪು ಲೂಥರನ್ ದಂಪತಿಗಳ ಮನೆಗೆ ಹೋಗಿ ಕುಳಿತು ಮಾತಾಡಿಬರಲಿ. ಅವರು ಚೇಂಬರ್ಸ್ ಅವರನ್ನು ನೋಡಲು ಅಂಗಡಿಗೆ ಬರುತ್ತಾರೆ. ಇನ್ನೂ ಮೂವತ್ತು ತುಂಬದ ಚೇಂಬರ್ಸ್ ಕೆಲಸ ಮಾಡುತ್ತಲೇ, ದನಿ ಏರಿಸದೆ, ಬಿಳಿಯರ ಕ್ರೈಸ್ತ ಧರ್ಮ ಕಪ್ಪು ಜನರಿಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಎಣಿಸುತ್ತಾರೆ. ನೀವು ನಿಮ್ಮ ಪ್ರಯತ್ನ ಮಾಡಿ ನೋಡಿ, ನಿಮ್ಮ ಚರ್ಚಿನವರೇ ನಿಮ್ಮನ್ನು ಉಳಿಸುವುದಿಲ್ಲ ಎಂಬ ಧಾಟಿಯ ಮಾತು ಅದು. ಎದುರು ಕುಳಿತ ಪಾದ್ರಿ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಕೊನೆಗೆ ಆ ಪಾದ್ರಿ ನಿಜವಾಗಿಯೂ ರಾಜೀನಾಮೆ ಕೊಟ್ಟು ಹೊರಡಬೇಕಾಯಿತು. ಆ ಮಾತುಗಳಲ್ಲಿ ಕೋಪಕ್ಕಿಂತ ಹೆಚ್ಚು ಕಾಣುವುದು ತಯಾರಿ. ಮುಂದೆ ಸದನದಲ್ಲಿ ಕಂಡದ್ದೂ ಅದೇ ಮನುಷ್ಯನನ್ನು.

ಅದೇ 1966ರಲ್ಲಿ ಉತ್ತರ ಒಮಾಹಾದಲ್ಲಿ ಗಲಭೆ ಎದ್ದಾಗ ಯುವಕರ ಪರವಾಗಿ ನಗರಾಡಳಿತದ ಜೊತೆ ಮಾತಿಗೆ ಕುಳಿತವರಲ್ಲಿ ಅವರೂ ಒಬ್ಬರು.

ಮೊದಲ ಚುನಾವಣೆ ಗೆದ್ದದ್ದು ಹೇಗೆ?

ಮೊದಲು ಸೋತರು. 1968ರಲ್ಲಿ ಶಾಲಾ ಮಂಡಳಿಗೆ, 1969ರಲ್ಲಿ ನಗರಸಭೆಗೆ ನಿಂತು ಎರಡೂ ಕಡೆ ಸೋತರು. ಆಗ ಒಮಾಹಾದಲ್ಲಿ ಇಡೀ ನಗರ ಒಂದೇ ಕ್ಷೇತ್ರವಿದ್ದ ಹಾಗೆ ಮತ ಹಾಕುತ್ತಿತ್ತು. ಕಪ್ಪು ಅಭ್ಯರ್ಥಿಗೆ ತನ್ನ ಕೇರಿಯ ಮತವೆಲ್ಲ ಬಿದ್ದರೂ ಸಾಲುತ್ತಿರಲಿಲ್ಲ. ಶಾಸನಸಭೆಯ 11ನೆಯ ಕ್ಷೇತ್ರವಾದರೋ ಉತ್ತರ ಒಮಾಹಾಕ್ಕೇ ಸೇರಿದ್ದು. ಅಲ್ಲಿನ ಕಪ್ಪು ಶಾಸಕ ಎಡ್ವರ್ಡ್ ಡ್ಯಾನರ್ 1970ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ನೇಮಕಗೊಂಡಿದ್ದ ಜಾರ್ಜ್ ಆಲ್ಟ್‌ಹೌಸ್ ಅವರನ್ನು ಅದೇ ವರ್ಷದ ಚುನಾವಣೆಯಲ್ಲಿ ಚೇಂಬರ್ಸ್ ಸೋಲಿಸಿದರು.

ಈ ಪಾಠವನ್ನು ಅವರು ಮರೆಯಲಿಲ್ಲ. ಒಮಾಹಾ ನಗರಸಭೆ, ಜಿಲ್ಲಾ ಮಂಡಳಿ, ಶಾಲಾ ಮಂಡಳಿಗಳಿಗೆ ವಾರ್ಡುವಾರು ಚುನಾವಣೆ ನಡೆಯಬೇಕೆಂದು ಹಟ ಹಿಡಿದು ಕಾನೂನು ಮಾಡಿಸಿದರು. 1981ರಲ್ಲಿ ಫ್ರೆಡ್ ಕಾನ್ಲಿ ಒಮಾಹಾ ನಗರಸಭೆಯ ಮೊದಲ ಕಪ್ಪು ಸದಸ್ಯರಾಗಿ ಆಯ್ಕೆಯಾದರು. ಚೇಂಬರ್ಸ್ ಮಾಡಿದ ಕೆಲಸಗಳಲ್ಲಿ ಸುದ್ದಿಯಾಗದೆ ಉಳಿದ, ಆದರೆ ಆಳಕ್ಕೆ ಬೇರು ಬಿಟ್ಟ ಕೆಲಸ ಇದೇ ಎಂಬುದು ನನ್ನ ಎಣಿಕೆ.

ಅವರು ವಕೀಲರೇ?

ಕಾನೂನು ಪದವಿ ಇದೆ. ಅರವತ್ತರ ದಶಕದಲ್ಲಿ ಅರ್ಧಕ್ಕೆ ನಿಂತ ಓದನ್ನು ಶಾಸಕರಾಗಿದ್ದಾಗಲೇ ಮುಂದುವರಿಸಿ 1979ರಲ್ಲಿ ಮುಗಿಸಿದರು. ಆದರೆ ವಕೀಲಿ ವೃತ್ತಿ ಮಾಡಲಿಲ್ಲ. ವಕೀಲರ ಸಂಘದ ಸದಸ್ಯತ್ವ ಕಡ್ಡಾಯ ಎಂಬ ನಿಯಮಕ್ಕೆ ಅವರು ತಲೆಬಾಗಲಿಲ್ಲ.

ಸಂಬಳ ಎಷ್ಟು ಸಿಗುತ್ತಿತ್ತು?

ವರ್ಷಕ್ಕೆ 12,000 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. 1988ರಲ್ಲಿ ರಾಜ್ಯದ ಸಂವಿಧಾನಕ್ಕೇ ಸೇರಿಸಿದ ಮೊತ್ತವಾದ್ದರಿಂದ ಜನಮತವಿಲ್ಲದೆ ಏರಿಸುವ ಹಾಗಿಲ್ಲ. ಅಲ್ಲಿ ಶಾಸಕರಾಗುವವರು ಬಹುಮಟ್ಟಿಗೆ ಜಮೀನು, ವ್ಯಾಪಾರ ಅಥವಾ ಪಿಂಚಣಿ ಇರುವವರು. ಉಳಿದವರು ಸೂಟು ಟೈ ಧರಿಸಿ ಬರುತ್ತಿದ್ದ ಸದನಕ್ಕೆ ಚೇಂಬರ್ಸ್ ಜೀನ್ಸ್ ಮತ್ತು ಗಿಡ್ಡ ತೋಳಿನ ಅಂಗಿ ಹಾಕಿಕೊಂಡು ಬರುತ್ತಿದ್ದರು, ಎಪ್ಪತ್ತು ಎಂಬತ್ತರ ವಯಸ್ಸಿನಲ್ಲೂ.

ಒಬ್ಬರೇ ಇದ್ದುಕೊಂಡು ಇಡೀ ಸದನವನ್ನು ಹಿಡಿದು ನಿಲ್ಲಿಸಿದ್ದು ಹೇಗೆ?

ನಿಯಮಾವಳಿಯಿಂದ.

49 ಜನರ ಸದನದಲ್ಲಿ ಮಸೂದೆ ಪಾಸಾಗಲು ಸಾಮಾನ್ಯವಾಗಿ 25 ಮತ ಸಾಕು. ಆದರೆ ಚರ್ಚೆಯನ್ನು ಬಲವಂತವಾಗಿ ಮುಗಿಸಿ ಮತಕ್ಕೆ ಹಾಕಬೇಕಾದರೆ ಮೂರನೆಯ ಎರಡರಷ್ಟು, ಅಂದರೆ 33 ಮತ ಬೇಕು. ಮಾತಾಡುವ ಶಕ್ತಿ ಇರುವ ಸದಸ್ಯ ಈ 25 ಮತ್ತು 33ರ ನಡುವಿನ ಜಾಗದಲ್ಲಿ ನಿಂತು ಆಟ ಕೆಡಿಸಬಹುದು. ಚೇಂಬರ್ಸ್ ಒಂದರ ಹಿಂದೆ ಒಂದು ತಿದ್ದುಪಡಿ ಮಂಡಿಸುತ್ತಿದ್ದರು. ಮಸೂದೆಯನ್ನು ಸಮಿತಿಗೆ ವಾಪಸು ಕಳಿಸಿ ಎಂಬ ಸೂಚನೆ, ಅನಿರ್ದಿಷ್ಟ ಕಾಲ ಮುಂದೂಡಿ ಎಂಬ ಸೂಚನೆ, ಅದು ಬಿದ್ದರೆ ಬಿದ್ದದ್ದನ್ನು ಮರುಪರಿಶೀಲಿಸಿ ಎಂಬ ಸೂಚನೆ. ಒಂದೊಂದಕ್ಕೂ ಚರ್ಚೆಯ ಸಮಯ ಕೊಡಲೇಬೇಕು. ಹೊರಗೆ ಅಧಿವೇಶನದ ದಿನಗಳು ಒಂದೊಂದಾಗಿ ಉರುಳುತ್ತಿರುತ್ತವೆ. ಉಳಿದ 48 ಮಂದಿಗೂ ತಮ್ಮ ತಮ್ಮ ಮಸೂದೆಗಳ ಚಿಂತೆ. ಕೊನೆಗೆ ಯಾರೋ ಒಬ್ಬರು ಎದ್ದು ಅವರ ಮೇಜಿನ ಬಳಿ ಬಂದು, ಈ ಮಸೂದೆ ಬಿಡಲು ಏನು ಬದಲಾಯಿಸಬೇಕು ಹೇಳಿ ಎನ್ನುತ್ತಿದ್ದರು. ಚೌಕಾಸಿ ಅಲ್ಲಿಂದ ಶುರು.

ಅವರ ಮಾತು ಕಾಲಹರಣದ ಹರಟೆಯಾಗಿತ್ತು ಎಂದು ಭಾವಿಸಬೇಡಿ. ಇತರರ ಮಸೂದೆಗಳನ್ನು ಅವರು ಸಾಲು ಸಾಲಾಗಿ ಓದಿಕೊಂಡು ಬರುತ್ತಿದ್ದರು. ಯಾವ ಕಲಮಿನಲ್ಲಿ ಯಾವ ಪದ ತಪ್ಪಾಗಿ ಕೂತಿದೆ, ನಾಳೆ ನ್ಯಾಯಾಲಯದಲ್ಲಿ ಯಾವ ವಾಕ್ಯ ಬಿದ್ದುಹೋಗುತ್ತದೆ ಎಂದು ತೋರಿಸುತ್ತಿದ್ದರು. ಮಂಡಿಸಿದವರಿಗೇ ಗೊತ್ತಿಲ್ಲದ ದೋಷ ಅವರಿಗೆ ಗೊತ್ತಿರುತ್ತಿತ್ತು. ಅವರ ವಿರೋಧಿಗಳೇ ತಮ್ಮ ಮಸೂದೆ ಅವರ ಕೈಯಲ್ಲಿ ಹಾದು ಬಂದ ಮೇಲೆ ಗಟ್ಟಿಯಾಯಿತು ಎಂದು ಒಪ್ಪುವುದಿತ್ತು. ನಡುನಡುವೆ ಬೈಬಲಿನ ವಚನ, ಷೇಕ್ಸ್‌ಪಿಯರ್, ತಾವೇ ಕಟ್ಟಿದ ಪ್ರಾಸದ ಪದ್ಯ. ಬೈಬಲನ್ನು ಆ ಸದನದ ಭಕ್ತರಿಗಿಂತ ಚೆನ್ನಾಗಿ ಬಲ್ಲವರು ದೇವರನ್ನು ನಂಬದ ಈ ಪಾದ್ರಿಯ ಮಗ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಜನ ಬಯಸಿದ ಒಳ್ಳೆಯ ಮಸೂದೆಗಳೂ ಈ ಹಿಡಿತಕ್ಕೆ ಸಿಕ್ಕಿ ಸತ್ತಿವೆ. ಮಾತಿನ ಏಟು ತಿಂದು ಕಣ್ಣೀರು ಹಾಕಿದ ಸಹೋದ್ಯೋಗಿಗಳಿದ್ದಾರೆ. ಒಬ್ಬ ವ್ಯಕ್ತಿಗೆ ಇಷ್ಟು ಬಲ ಇರಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಆ ನಿಯಮ ಎಲ್ಲ 49 ಮಂದಿಗೂ ಒಂದೇ ಆಗಿತ್ತು, ಓದಿಕೊಂಡು ಬಂದವರು ಒಬ್ಬರು.

ಸದನದ ಪ್ರಾರ್ಥನೆಯ ವಿರುದ್ಧ ಹೂಡಿದ ಮೊಕದ್ದಮೆ ಏನಾಯಿತು?

ಸೋತರು, ಆದರೆ ಅಮೆರಿಕದ ಕಾನೂನು ಪುಸ್ತಕಗಳಲ್ಲಿ ಅವರ ಹೆಸರು ಶಾಶ್ವತವಾಗಿ ಉಳಿಯಿತು.

ನೆಬ್ರಾಸ್ಕದ ಸದನ ದಿನವೂ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಅದಕ್ಕೆಂದೇ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿಯನ್ನು 1965ರಿಂದ ಮತ್ತೆ ಮತ್ತೆ ನೇಮಿಸಿ, ಅಧಿವೇಶನದ ಪ್ರತಿ ತಿಂಗಳು 319 ಡಾಲರ್ 75 ಸೆಂಟ್ ಕೊಡುತ್ತಿದ್ದರು. ಸಾರ್ವಜನಿಕ ಹಣದಿಂದ ಧರ್ಮಬೋಧನೆ ಸಲ್ಲದು ಎಂದು ಚೇಂಬರ್ಸ್ ಕೋರ್ಟಿಗೆ ಹೋದರು. ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ನಿಂತಿತು. ಸುಪ್ರೀಂ ಕೋರ್ಟ್ 1983ರ ಜುಲೈನಲ್ಲಿ 6–3ರ ಬಹುಮತದಿಂದ ಆ ತೀರ್ಪನ್ನು ತಿರುಗಿಸಿತು. 1789ರ ಮೊದಲ ಕಾಂಗ್ರೆಸ್ಸೇ, ಅಂದರೆ ಅಮೆರಿಕದ ಸಂಸತ್ತೇ, ಪ್ರಾರ್ಥನೆಗೆ ಪಾದ್ರಿಗಳನ್ನು ನೇಮಿಸಿಕೊಂಡಿತ್ತು, ಧಾರ್ಮಿಕ ಸ್ವಾತಂತ್ರ್ಯದ ತಿದ್ದುಪಡಿಯನ್ನು ಬರೆದವರೂ ಅವರೇ, ಆದ್ದರಿಂದ ಇದು ನಿಷಿದ್ಧವಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಅವರ ವಾದ. ‘ಮಾರ್ಷ್ ವಿರುದ್ಧ ಚೇಂಬರ್ಸ್’ ಎಂಬ ಈ ಪ್ರಕರಣ ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ. ಹಳೆಯ ರೂಢಿ ಎಂಬ ಒಂದೇ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ ಎಂದು ನಂಬುವ ನನಗೆ ಜಸ್ಟಿಸ್ ಬ್ರೆನನ್ ಬರೆದ ಭಿನ್ನಮತವೇ ಹೆಚ್ಚು ಒಪ್ಪಿಗೆಯಾಗುತ್ತದೆ.

ದಕ್ಷಿಣ ಆಫ್ರಿಕಕ್ಕೂ ಅವರಿಗೂ ಏನು ಸಂಬಂಧ?

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದ ಜೊತೆ ವ್ಯವಹಾರ ಇರುವ ಕಂಪನಿಗಳಿಂದ ರಾಜ್ಯದ ಹಣವನ್ನು ಹಿಂತೆಗೆಯಬೇಕೆಂಬ ನಿರ್ಣಯವನ್ನು ಅವರು ಮಂಡಿಸಿ, 1980ರಲ್ಲಿ ಪಾಸು ಮಾಡಿಸಿದರು. ಅಮೆರಿಕದಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ರಾಜ್ಯ ನೆಬ್ರಾಸ್ಕ. ಅದು ಬರೀ ನಿರ್ಣಯವಾಗಿತ್ತು. 1984ರಲ್ಲಿ ಪಿಂಚಣಿ ನಿಧಿಗಳಿಗೆ ಅನ್ವಯಿಸುವ ಕಾಯ್ದೆಯೇ ಬಂತು. ವಾಷಿಂಗ್ಟನ್‌ನ ಕಾಂಗ್ರೆಸ್ಸು ಅಧ್ಯಕ್ಷ ರೇಗನ್ ಅವರ ವಿಟೊ (ಮಸೂದೆಗೆ ಹಾಕುವ ತಡೆ) ಮೀರಿ ದಿಗ್ಬಂಧನ ಹೇರಿದ್ದು 1986ರಲ್ಲಿ, ಅಂದರೆ ಆ ನಿರ್ಣಯಕ್ಕೆ ಆರು ವರ್ಷ ತುಂಬಿದ ಮೇಲೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಿಗಿಂತ ಮೊದಲು ಈ ಕೆಲಸ ಮಾಡಿದ್ದು ಜೋಳದ ಹೊಲಗಳ ನಡುವಿನ ಒಂದು ಸದನ ಎಂಬುದನ್ನು ಓದುವಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ಬೇರೆ ಯಾವ ಕಾಯ್ದೆಗಳು ಅವರ ಹೆಸರಿನಲ್ಲಿವೆ?

ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವ ಶಿಕ್ಷೆಯನ್ನು ನೆಬ್ರಾಸ್ಕ 1988ರಲ್ಲಿ ನಿಷೇಧಿಸಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಇವರು. ಸರ್ಕಾರಿ ನೌಕರಿಯ ಹೆಂಗಸರಿಗೆ ಗಂಡಸರಷ್ಟೇ ಪಿಂಚಣಿ ಸಿಗುವಂತೆ ಮಾಡಿದ್ದರಲ್ಲೂ ಅವರ ಪಾತ್ರವಿದೆ.

ಇನ್ನೊಂದು ವಿಚಾರದಲ್ಲಿ ಅವರು ಕಾಲಕ್ಕಿಂತ ಬಹಳ ಮುಂದಿದ್ದರು. ನೆಬ್ರಾಸ್ಕಕ್ಕೆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವೆಂದರೆ ಪ್ರಾಣ. ಪಂದ್ಯದ ದಿನ ಲಿಂಕನ್ ನಗರದ ಕ್ರೀಡಾಂಗಣ ಕೆಂಪು ಬಟ್ಟೆಯ ಕಡಲಾಗುತ್ತದೆ. ಟಿಕೆಟ್, ಟಿ.ವಿ., ಅಂಗಿ, ಟೋಪಿ, ಎಲ್ಲದರಿಂದ ಹಣ ಹರಿದು ಬರುತ್ತದೆ. ಆದರೆ ಮೈಮುರಿಯುವಂತೆ ಆಡುವ ಹುಡುಗರಿಗೆ ಸಂಬಳವಿಲ್ಲ. ಇದು ಶೋಷಣೆ ಎಂದು ಚೇಂಬರ್ಸ್ ಎಂಬತ್ತರ ದಶಕದಲ್ಲೇ ಹೇಳಿದರು. ಆಟಗಾರರಿಗೆ ಭತ್ಯೆ ಕೊಡುವ ಅವರ ಮಸೂದೆ 1988ರಲ್ಲಿ ಸದನ ದಾಟಿತು, ರಾಜ್ಯದ ಚುನಾಯಿತ ಮುಖ್ಯಸ್ಥೆಯಾದ ಗವರ್ನರ್ ಕೇ ಆರ್ ವಿಟೊ ಮಾಡಿದರು. 2003ರಲ್ಲಿ ಮತ್ತೆ ತಂದರು. ಈ ಸಲ ಗವರ್ನರ್ ಸಹಿಯೂ ಬಿತ್ತು. ಆದರೆ ನೆಬ್ರಾಸ್ಕ ತಂಡ ಆಡುತ್ತಿದ್ದ ಲೀಗಿನ ಇತರ ರಾಜ್ಯಗಳೂ ಇಂಥ ಕಾನೂನು ಮಾಡಿದರೆ ಮಾತ್ರ ಎಂಬ ಷರತ್ತು ಇದ್ದುದರಿಂದ ಅದು ಕಾಗದದಲ್ಲೇ ಉಳಿಯಿತು. ಇಂದು ಅಮೆರಿಕದ ಕಾಲೇಜು ಆಟಗಾರರು ರಾಜಾರೋಷವಾಗಿ ಹಣ ಪಡೆಯುತ್ತಿದ್ದಾರೆ.

ಮರಣದಂಡನೆಯ ವಿರುದ್ಧ ಅವರ ಹೋರಾಟ ಎಷ್ಟು ಕಾಲದ್ದು?

ಅವರ ರಾಜಕೀಯ ಜೀವನದಷ್ಟೇ ಉದ್ದದ್ದು. ಸರ್ಕಾರ ಮನುಷ್ಯರನ್ನು ಕೊಲ್ಲಬಾರದು ಎಂಬ ಮಸೂದೆಯನ್ನು ಅವರು ನಲವತ್ತರ ಹತ್ತಿರ ಸಲ ಮಂಡಿಸಿದರು. 1979ರಲ್ಲಿ ಮೊದಲ ಬಾರಿಗೆ ಸದನ ಒಪ್ಪಿತು. ಗವರ್ನರ್ ಚಾರ್ಲ್ಸ್ ಥೋನ್ ವಿಟೊ ಮಾಡಿದರು. ತೊಂಬತ್ತರ ದಶಕದಲ್ಲಿ ಮೂವರನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ಹೊಸ ಮರಣದಂಡನೆಗಳನ್ನು ಎರಡು ವರ್ಷ ತಡೆಹಿಡಿಯೋಣ ಎಂದು 1999ರಲ್ಲಿ ಸದನ ತೀರ್ಮಾನಿಸಿದಾಗ ಅದಕ್ಕೂ ವಿಟೊ ಬಿತ್ತು.

2008ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ವಿದ್ಯುತ್ ಕುರ್ಚಿ ಕ್ರೂರವೆಂದು ಸಾರಿತು. ನೆಬ್ರಾಸ್ಕಕ್ಕೆ ಆ ಹೊತ್ತಿನಲ್ಲಿ ಬೇರೆ ವಿಧಾನವೇ ಇರಲಿಲ್ಲ. ಕಾನೂನಿನಲ್ಲಿ ಮರಣದಂಡನೆ ಇದೆ, ಜಾರಿ ಮಾಡಲು ದಾರಿ ಇಲ್ಲ. ಚೇಂಬರ್ಸ್ ಸದನದಲ್ಲಿ ಇರುವತನಕ ಆ ದಾರಿ ತೆರೆಯಲೂ ಇಲ್ಲ. 2009ರ ಜನವರಿಯಲ್ಲಿ ಅವರು ಹೊರಬಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ವಿಷದ ಚುಚ್ಚುಮದ್ದಿನ ಕಾಯ್ದೆ ಬಂತು.

2015ರಲ್ಲಿ ಏನಾಯಿತು?

ಆ ವರ್ಷದ ಮೇ 20ರಂದು ಮರಣದಂಡನೆ ರದ್ದತಿಯ ಮಸೂದೆ 32–15 ಮತಗಳಿಂದ ಪಾಸಾಯಿತು. ಈ ಸಲ ಅವರ ಜೊತೆ ರಿಪಬ್ಲಿಕನ್ ಸದಸ್ಯರೂ ಇದ್ದರು. ಜೀವರಕ್ಷಣೆ ಎನ್ನುವ ತಮ್ಮ ಧರ್ಮಕ್ಕೆ ಇದು ಒಗ್ಗದು ಎಂದು ಕೆಲವರು, ಕೋಟಿಗಟ್ಟಲೆ ವೆಚ್ಚ ಮಾಡಿಯೂ ಜಾರಿಯಾಗದ ಶಿಕ್ಷೆ ಯಾಕೆ ಎಂದು ಕೆಲವರು. ಗವರ್ನರ್ ಪೀಟ್ ರಿಕೆಟ್ಸ್ 26ರಂದು ವಿಟೊ ಮಾಡಿದರು. ವಿಟೊ ಮೀರಲು ಐದನೆಯ ಮೂರರಷ್ಟು, ಅಂದರೆ ಸರಿಯಾಗಿ 30 ಮತ ಬೇಕು. ಒಂದು ವಾರದ ಹಿಂದೆ ಇದ್ದ 32ರಲ್ಲಿ ಎಷ್ಟು ಉಳಿದಿವೆ ಎಂದು ಯಾರಿಗೂ ಖಾತ್ರಿ ಇರಲಿಲ್ಲ.

27ರಂದು ಮತದಾನ. ಎರಡು ಗಂಟೆಗೂ ಮಿಕ್ಕಿದ ಚರ್ಚೆ ಮುಗಿದು ಹೆಸರುಗಳನ್ನು ಒಂದೊಂದಾಗಿ ಕರೆದರು. ಪರ 30, ವಿರುದ್ಧ 19. ಒಂದೇ ಒಂದು ಮತ ಆಚೆ ಹೋಗಿದ್ದರೂ ಮುಗಿಯುತ್ತಿತ್ತು. ಮೇಲಿನ ಗ್ಯಾಲರಿಯಿಂದ ಹರ್ಷೋದ್ಗಾರ ಎದ್ದಿತು. ಚೇಂಬರ್ಸ್‌ಗೆ ಆಗ 77 ವರ್ಷ. ಸಂಪ್ರದಾಯಸ್ಥ ರಾಜ್ಯವೊಂದು ಮರಣದಂಡನೆ ತೆಗೆದುಹಾಕಿದ್ದು ನಲವತ್ತು ವರ್ಷಗಳಲ್ಲಿ ಅದೇ ಮೊದಲು.

ಹಾಗಾದರೆ ನೆಬ್ರಾಸ್ಕದಲ್ಲಿ ಈಗ ಮರಣದಂಡನೆ ಇಲ್ಲವೇ?

ಇದೆ. ರದ್ದತಿ ಜಾರಿಗೆ ಬರುವ ಮುನ್ನವೇ ಅದರ ವಿರುದ್ಧ ಸಹಿ ಸಂಗ್ರಹ ನಡೆಯಿತು. ಗವರ್ನರ್ ತಮ್ಮ ಸ್ವಂತ ಹಣವನ್ನೂ ಅದಕ್ಕೆ ಹಾಕಿದರು. ಸಾಕಷ್ಟು ಸಹಿ ಬಿದ್ದು ಕಾಯ್ದೆಗೆ ತಡೆ ಬಂತು. 2016ರ ನವೆಂಬರಿನಲ್ಲಿ ಜನಮತಕ್ಕೆ ಹಾಕಿದಾಗ ನೂರಕ್ಕೆ 61 ಮಂದಿ ಮರಣದಂಡನೆ ಇರಲಿ ಎಂದರು. 2018ರ ಆಗಸ್ಟ್ 14ರಂದು ಒಬ್ಬ ಕೈದಿಯನ್ನು ಚುಚ್ಚುಮದ್ದಿನಿಂದ ಕೊಂದರು. 21 ವರ್ಷಗಳ ನಂತರದ ಮೊದಲ ಮರಣದಂಡನೆ ಅದು. ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಬಳಸಿದ್ದೂ ಅದೇ ಮೊದಲು. ಆ ಮನುಷ್ಯ ಕೊಲೆ ಮಾಡಿದ್ದು 1979ರಲ್ಲಿ. ಚೇಂಬರ್ಸ್ ಮಸೂದೆ ಮೊದಲ ಸಲ ಪಾಸಾಗಿ ವಿಟೊ ಆದದ್ದೂ ಅದೇ ವರ್ಷ.

ಭಾರತಕ್ಕೂ ಇದರಲ್ಲಿ ಒಂದು ಎಳೆ ಇದೆ. ಯುರೋಪು, ಅಮೆರಿಕದ ಔಷಧ ಕಂಪನಿಗಳು ಮರಣದಂಡನೆಗೆ ಮದ್ದು ಕೊಡುವುದನ್ನು ನಿಲ್ಲಿಸಿದಾಗ ನೆಬ್ರಾಸ್ಕ ನಮ್ಮ ಕಡೆಗೆ ತಿರುಗಿತು. ಮೊದಲು ಮುಂಬೈಯಿಂದ ತರಿಸಿತು. 2015ರಲ್ಲಿ, ರದ್ದತಿಯ ಚರ್ಚೆ ನಡೆಯುತ್ತಿದ್ದಾಗಲೇ, ಕೋಲ್ಕತ್ತದ ಒಬ್ಬ ವ್ಯಾಪಾರಿಗೆ 54,400 ಡಾಲರ್ ತೆತ್ತಿತು. ಆಮದಿಗೆ ಅಮೆರಿಕದ ಕೇಂದ್ರ ಸರ್ಕಾರದ ಔಷಧ ಇಲಾಖೆ ಒಪ್ಪಲಿಲ್ಲ. ಆ ಮದ್ದು ನೆಬ್ರಾಸ್ಕ ತಲುಪಲೇ ಇಲ್ಲ.

ದೇವರ ಮೇಲೆ ಮೊಕದ್ದಮೆ ಹೂಡಿದ್ದು ನಿಜವೇ?

ನಿಜ. ಅವರ ಹೆಸರು ಭಾರತದ ಪತ್ರಿಕೆಗಳವರೆಗೂ ಬಂದದ್ದು ಇದರಿಂದಲೇ. 2007ರ ಸೆಪ್ಟೆಂಬರಿನಲ್ಲಿ ಒಮಾಹಾದ ಜಿಲ್ಲಾ ನ್ಯಾಯಾಲಯದಲ್ಲಿ, ಪ್ರವಾಹ, ಭೂಕಂಪ, ಚಂಡಮಾರುತಗಳಿಂದ ಜನರನ್ನು ಪೀಡಿಸುತ್ತಿರುವ ದೇವರಿಗೆ ಶಾಶ್ವತ ತಡೆಯಾಜ್ಞೆ ಕೊಡಿ ಎಂದು ಅರ್ಜಿ ಹಾಕಿದರು. ಮಾರನೆಯ ವರ್ಷ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಪ್ರತಿವಾದಿಗೆ ವಿಳಾಸವಿಲ್ಲ, ಆದ್ದರಿಂದ ನೋಟಿಸು ಜಾರಿ ಮಾಡಲಾಗದು ಎಂಬುದು ಕಾರಣ. ದೇವರು ಸರ್ವಜ್ಞನೆಂದು ಕೋರ್ಟು ಒಪ್ಪುವುದಾದರೆ ಅವನಿಗೆ ಈ ಮೊಕದ್ದಮೆಯ ವಿಚಾರ ಗೊತ್ತೇ ಇರುತ್ತದೆ ಎಂಬುದು ಚೇಂಬರ್ಸ್ ವಾದ.

ಇದನ್ನು ವಿನೋದವೆಂದು ಓದಿ ಮರೆತವರೇ ಹೆಚ್ಚು. ಅದರ ಹಿಂದೆ ಒಂದು ತತ್ವವಿತ್ತು. ಕ್ಷುಲ್ಲಕವೆಂದು ಯಾರೋ ತೀರ್ಮಾನಿಸಿದ ಮೊಕದ್ದಮೆಗಳಿಗೆ ಕೋರ್ಟಿನ ಬಾಗಿಲು ಮುಚ್ಚಬೇಕೆಂಬ ಮಾತು ಆಗ ಕೇಳಿಬರುತ್ತಿತ್ತು. ಬಾಗಿಲು ಎಲ್ಲರಿಗೂ ತೆರೆದಿರಬೇಕು, ಯಾರು ಯಾರ ಮೇಲೆ ದೂರಿದರೂ ಕೇಳಬೇಕು ಎಂಬುದನ್ನು ಅವರು ಈ ರೀತಿ ತೋರಿಸಿದರು.

ಒಮಾಹಾ ಶಾಲೆಗಳನ್ನು ಬಣ್ಣದ ಮೇಲೆ ಒಡೆಯಲು ಹೊರಟಿದ್ದರು ಎಂಬ ಆರೋಪ?

ಅವರ ಅಭಿಮಾನಿಗಳಿಗೂ ಇದು ನುಂಗಲಾಗದ ತುತ್ತು. 2006ರಲ್ಲಿ ಅವರು ತಂದ ತಿದ್ದುಪಡಿಯಂತೆ ಒಮಾಹಾದ ಸರ್ಕಾರಿ ಶಾಲೆಗಳನ್ನು ಮೂರು ಪ್ರತ್ಯೇಕ ಶಾಲಾ ಜಿಲ್ಲೆಗಳಾಗಿ, ಅಂದರೆ ಬೇರೆ ಬೇರೆ ಆಡಳಿತ ಘಟಕಗಳಾಗಿ, ವಿಂಗಡಿಸಬೇಕಿತ್ತು. ವಸತಿಯ ನಕ್ಷೆ ನೋಡಿದರೆ ಒಂದರಲ್ಲಿ ಕಪ್ಪು, ಒಂದರಲ್ಲಿ ಬಿಳಿ, ಒಂದರಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಹೆಚ್ಚು. ಸದನ ಒಪ್ಪಿತು, ಗವರ್ನರ್ ಸಹಿ ಹಾಕಿದರು, ದೇಶವೇ ಬೆಚ್ಚಿಬಿತ್ತು. ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆಯಾದ ಎನ್ಎಎಸಿಪಿಯೇ ಅದರ ವಿರುದ್ಧ ಕೋರ್ಟಿಗೆ ಹೋಯಿತು.

ಚೇಂಬರ್ಸ್ ಹೇಳಿದ್ದು ಇದು: ಶಾಲೆಗಳು ಈಗಾಗಲೇ ಬೇರೆ ಬೇರೆಯಾಗಿವೆ, ನಾನು ಬೇರ್ಪಡಿಸುತ್ತಿಲ್ಲ. ನಮ್ಮ ಮಕ್ಕಳು ಓದುವ ಶಾಲೆಯ ಹಣ, ಶಿಕ್ಷಕರ ನೇಮಕ, ಎಲ್ಲವನ್ನೂ ಬೇರೆಯವರು ನಿರ್ಧರಿಸುತ್ತಾರೆ. ಆ ಅಧಿಕಾರ ನಮ್ಮ ಕೈಗೆ ಬರಲಿ. ಈ ಮಾತಿನಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ಆದರೂ ಗೆರೆ ಎಳೆದ ಮೇಲೆ ಆ ಗೆರೆಯನ್ನು ಅಳಿಸುವುದು ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ ಅವರಲ್ಲಿ ಒಪ್ಪುವಂಥ ಉತ್ತರವಿರಲಿಲ್ಲ. ಮಾರನೆಯ ವರ್ಷ ಸದನ ಆ ವಿಭಜನೆಯನ್ನು ಕೈಬಿಟ್ಟು, ನಗರ ಮತ್ತು ಸುತ್ತಲಿನ 11 ಶಾಲಾ ಜಿಲ್ಲೆಗಳು ತೆರಿಗೆ ಹಂಚಿಕೊಳ್ಳುವ ಬೇರೊಂದು ವ್ಯವಸ್ಥೆ ತಂದಿತು.

ಪೊಲೀಸರ ಬಗ್ಗೆ ಆಡಿದ ಮಾತಿನ ವಿವಾದ ಏನು?

2015ರ ಮಾರ್ಚ್‌ನಲ್ಲಿ ಬಂದೂಕಿನ ಮಸೂದೆಯೊಂದರ ವಿಚಾರಣೆಯಲ್ಲಿ, ತಮ್ಮ ಜನರಿಗೆ ಐಸಿಸ್ ಉಗ್ರರಿಗಿಂತ ಪೊಲೀಸರ ಭಯವೇ ಹೆಚ್ಚು ಎಂಬ ಅರ್ಥದಲ್ಲಿ ಮಾತಾಡಿ, ಇಬ್ಬರನ್ನೂ ಹೋಲಿಸಿದರು. ರಾಜೀನಾಮೆ ಕೊಡಿ, ಕ್ಷಮೆ ಕೇಳಿ ಎಂಬ ಕೂಗು ಎದ್ದಿತು. ಕೇಳಲಿಲ್ಲ. ಮರಣದಂಡನೆಯ ಮತಕ್ಕೆ ಆಗ ಎರಡೇ ತಿಂಗಳು ಬಾಕಿ ಇತ್ತು. ಆ ಮಾತಿನಿಂದ ಕೆರಳಿದ ಕೆಲವರೇ ಮೇ ತಿಂಗಳಲ್ಲಿ ಅವರ ಮಸೂದೆಗೆ ಮತ ಹಾಕಬೇಕಾಗಿತ್ತು, ಹಾಕಿದರು ಕೂಡ.

2009ರಲ್ಲಿ ಸದನ ಬಿಟ್ಟದ್ದೇಕೆ? ಸೋತರೇ?

ಚುನಾವಣೆಯಲ್ಲಿ ಯಾರೂ ಸೋಲಿಸಲಿಲ್ಲ. 2000ದಲ್ಲಿ ನೆಬ್ರಾಸ್ಕದ ಮತದಾರರು ಅವಧಿಮಿತಿಯ ತಿದ್ದುಪಡಿ ಒಪ್ಪಿದರು. ಯಾವ ಶಾಸಕರೂ ನಾಲ್ಕು ವರ್ಷದ ಎರಡು ಅವಧಿಗಿಂತ ಹೆಚ್ಚು ಕಾಲ ಸತತವಾಗಿ ಇರುವಂತಿಲ್ಲ. ಚೇಂಬರ್ಸ್ ಒಬ್ಬರನ್ನು ಹೊರಹಾಕಲೆಂದೇ ಇದು ಬಂತು ಎಂಬ ಮಾತು ಆ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅವರ ಜೊತೆಗೆ ಸದನದ ಅನುಭವಿಗಳೆಲ್ಲರೂ ಸಾಲಾಗಿ ಹೊರಗೆ ಹೋದರು. ಹಳೆಯದನ್ನು ಬಲ್ಲವರು ಸದನದಲ್ಲಿ ಉಳಿಯಲಿಲ್ಲ, ಲಾಬಿ ಮಾಡುವವರಲ್ಲಿ ಉಳಿದರು.

‘ಸತತವಾಗಿ’ ಎಂಬ ಪದವನ್ನು ಚೇಂಬರ್ಸ್ ಗಮನಿಸದೆ ಇರುತ್ತಾರೆಯೇ? ನಾಲ್ಕು ವರ್ಷ ಕಾದರು. 2012ರಲ್ಲಿ, 75ನೆಯ ವಯಸ್ಸಿನಲ್ಲಿ, ತಮ್ಮ ಜಾಗದಲ್ಲಿದ್ದ ಬ್ರೆಂಡಾ ಕೌನ್ಸಿಲ್ ಅವರನ್ನು ಸೋಲಿಸಿ ಅದೇ ಕ್ಷೇತ್ರದಿಂದ ಮರಳಿದರು. 2016ರಲ್ಲಿ ಮತ್ತೆ ಗೆದ್ದರು.

ಅವರಿಲ್ಲದ ನಾಲ್ಕು ವರ್ಷಗಳಲ್ಲಿ ಏನು ಬದಲಾಯಿತು?

ಚುಚ್ಚುಮದ್ದಿನ ಕಾಯ್ದೆಯನ್ನು ಆಗಲೇ ಹೇಳಿದೆ. 2012ರಲ್ಲಿ ಪರ್ವತ ಸಿಂಹ ಎಂಬ ದೊಡ್ಡ ಕಾಡುಬೆಕ್ಕುಗಳ ಬೇಟೆಗೆ ಅನುಮತಿ ಕೊಡುವ ಕಾನೂನು ಬಂತು. ಪ್ರೈರಿ ನಾಯಿ ಎಂಬ, ಬಿಲ ತೋಡಿ ಬದುಕುವ ಸಣ್ಣ ಪ್ರಾಣಿ ಪಕ್ಕದ ಜಮೀನಿಗೆ ಹರಡಿದರೆ ಅಧಿಕಾರಿಗಳೇ ಖಾಸಗಿ ಜಮೀನಿಗೆ ನುಗ್ಗಿ ನಾಶ ಮಾಡಬಹುದೆಂಬ ಕಾನೂನೂ ಅದೇ ವರ್ಷ ಬಂತು. ಮರಳಿ ಬಂದ ಚೇಂಬರ್ಸ್ ಇವೆರಡನ್ನೂ ಅಟ್ಟಿಸಿಕೊಂಡು ಹೋದರು. ಪರ್ವತ ಸಿಂಹಗಳು ನೆಬ್ರಾಸ್ಕದಿಂದ ಒಂದು ಶತಮಾನದ ಹಿಂದೆ ಕಾಣೆಯಾಗಿ, ತೊಂಬತ್ತರ ದಶಕದಲ್ಲಿ ತಾವಾಗಿಯೇ ಮರಳಿದವು. ಬೆರಳೆಣಿಕೆಯಷ್ಟಿರುವ ಅವುಗಳನ್ನು ಮೋಜಿಗಾಗಿ ಕೊಲ್ಲುವುದೇಕೆ ಎಂದು ಅವರು ಕೇಳಿದರು. 2014ರಲ್ಲಿ ಬೇಟೆ ನಿಲ್ಲಿಸುವ ಅವರ ಮಸೂದೆ ಸದನ ದಾಟಿತು, ಗವರ್ನರ್ ಡೇವ್ ಹೈನ್‌ಮನ್ ವಿಟೊ ಮಾಡಿದರು. ವಿಟೊ ಮೀರಲು ಮತ ಸಾಲಲಿಲ್ಲ.

ಇನ್ನೂ ದೊಡ್ಡ ಹುದ್ದೆಗೆ ಪ್ರಯತ್ನಿಸಲಿಲ್ಲವೇ?

1974ರಲ್ಲಿ ಗವರ್ನರ್ ಹುದ್ದೆಗೆ, 1988ರಲ್ಲಿ ವಾಷಿಂಗ್ಟನ್‌ನ ಸೆನೆಟ್‌ಗೆ ನಿಂತಿದ್ದರು. ಎರಡರಲ್ಲೂ ಗೆಲುವಿನ ಹತ್ತಿರ ಸುಳಿಯಲಿಲ್ಲ.

ಇಡೀ ಅಮೆರಿಕದಲ್ಲೇ ಅತಿ ದೀರ್ಘಕಾಲದ ಶಾಸಕರು ಇವರೇ?

ಅಲ್ಲ. ವಿಸ್ಕಾನ್ಸಿನ್ ರಾಜ್ಯದ ಫ್ರೆಡ್ ರಿಸ್ಸರ್ 1957ರಿಂದ 2021ರವರೆಗೆ, 64 ವರ್ಷ ಶಾಸಕರಾಗಿದ್ದರು. ಆ ದಾಖಲೆಯನ್ನು ಮುರಿಯುವವರು ಸದ್ಯಕ್ಕೆ ಕಾಣುತ್ತಿಲ್ಲ. ಚೇಂಬರ್ಸ್ ಅವರದು ನೆಬ್ರಾಸ್ಕದ ದಾಖಲೆ, ಅದನ್ನು ಅವರು 2005ರಲ್ಲೇ ತಮ್ಮದಾಗಿಸಿಕೊಂಡಿದ್ದರು.

11ನೆಯ ಕ್ಷೇತ್ರದಲ್ಲಿ ಅವರ ನಂತರ ಯಾರು?

ಅವಧಿಮಿತಿ ಎರಡನೆಯ ಸಲ ಎದುರಾಗಿ 2021ರ ಜನವರಿಯಲ್ಲಿ ಚೇಂಬರ್ಸ್ ಸದನ ಬಿಟ್ಟರು. ಆಗ ಅವರಿಗೆ 83 ವರ್ಷ. ಟೆರೆಲ್ ಮೆಕಿನ್ನಿ ಎಂಬ ಯುವಕ ಆಯ್ಕೆಯಾದರು. ಚೇಂಬರ್ಸ್ ಮೊದಲ ಸಲ ಸದನಕ್ಕೆ ಕಾಲಿಟ್ಟಾಗ ಇನ್ನೂ ಹುಟ್ಟಿರದವರು ಅವರು, ಉತ್ತರ ಒಮಾಹಾದವರೇ. ಚರ್ಚೆ ಮುಗಿಸಲು ಈಗಲೂ 33 ಮತಗಳೇ ಬೇಕು.